ಎಂಟು ಚೀಲ ಯೂರಿಯಾ

ಕನ್ನೊಳ್ಳಿ, ತಾ. ಸಿಂದಗಿ
೨೧ ನವೆಂಬರ್ ೨೦೨೫

ಮಗಳು ರಾಜೇಶ್ವರಿಗೆ ಅವ್ವನ ಆಶೀರ್ವಾದ.

ನಾನು ಈ ಊರಿನ ಇಂದುಬಾಯಿ. ಎಂಟು ಎಕರೆಯ ಒಡತಿ, ಹತ್ತನೆಯ ಇಯತ್ತೆ ಓದಿದವಳು. ಮದುವೆಯಿರಲಿ, ಜಗಳವಿರಲಿ, ನನ್ನ ಮಾತು ಕೇಳದೆ ಊರವರು ಹೆಜ್ಜೆ ಇಡುವುದಿಲ್ಲ. ನಿನಗೆ ಗೊತ್ತಿದ್ದದ್ದೇ, ಆದರೂ ಬರೆದೆ, ಯಾಕೆಂದರೆ ತಪ್ಪು ಹುಟ್ಟಿದ್ದು ಅಲ್ಲಿಂದಲೇ. ಪತ್ರ ತಡವಾಯಿತು, ಬೇಸರಪಡಬೇಡ. ಮೂರು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ಅರ್ಧಕ್ಕೇ ಮಾತು ಕತ್ತರಿಸುತ್ತೀ.

ಹೋದ ವರ್ಷ ಮುಂಗಾರಿಗೆ ನಿನ್ನ ಗೊಬ್ಬರದ ಕಂಪನಿಯ ಪರವಾಗಿ ನೀನೇ ಬಂದು ನಮ್ಮ ಕಟ್ಟೆಯ ಮೇಲೆ ನಿಂತು ಹೇಳಿದ್ದೆ. ಯೂರಿಯಾ ತಯಾರಿಸುವಾಗಲೂ ಹೊಲಕ್ಕೆ ಹಾಕಿದ ಮೇಲೂ ಭೂಮಿಯ ಬಿಸಿ ಏರಿಸುವ ಅನಿಲ ಏಳುತ್ತದೆ, ಅದನ್ನು ಇಳಿಸುತ್ತೇವೆಂದು ಕಂಪನಿ ಮಾತು ಕೊಟ್ಟಿದೆ, ನೀವೂ ಯೂರಿಯಾ ಅರ್ಧಕ್ಕೆ ಇಳಿಸಿ, ಹಾಕಿದಷ್ಟನ್ನೇ ಈ ವಹಿಯಲ್ಲಿ ಬರೆಯಿರಿ ಎಂದು. ಎಲ್ಲರಿಗಿಂತ ಮೊದಲು ನಾನು ‘ಎಂಟು ಚೀಲ’ ಎಂದು ಬರೆದು ಸಹಿ ಮಾಡಿದೆ. ಆಮೇಲೆ ಗೋವಿನಜೋಳದ ಎಲೆ ಹಳದಿ ತಿರುಗಿತು. ಇನ್ನೂ ಎಂಟು ಹಾಕಿಸಿದೆ. ವಹಿ ಮಾತ್ರ ತಿದ್ದಲಿಲ್ಲ. ಇಂದುಬಾಯಿ ಬರೆದದ್ದಕ್ಕೆ ಇಂದುಬಾಯಿಯೇ ಗೀಟು ಹೊಡೆಯುವುದೆ?

ಮೊನ್ನೆ, ನಿಮ್ಮ ಕಂಪನಿಯ ವರದಿ ಪರೀಕ್ಷಿಸಲು ಹೊರಗಿನವರು ಬರುತ್ತಾರೆಂದು ತಿಳಿದು, ನಮ್ಮ ಮನೆಯಲ್ಲೇ ಇಟ್ಟಿದ್ದ ಆ ವಹಿ ತೆಗೆದು ಪೂರ್ತಿ ಓದಿದೆ. ಸಿದ್ದರಾಯನನ್ನು ಕರೆಸಿದೆ.

“ಏನೋ, ಹದ್ನಾಕ ಎಕರೆಕ ಏಳ ಚೀಲ? ಹೊಲಕ ಹಾಕಿದ್ಯೋ, ಹಣಿಗೆ ಹಚ್ಕೊಂಡ್ಯೋ?”

“ಹಾಕಿದ್ದು ಇಪ್ಪತ್ತೆಂಟ್ರಿ ಅಕ್ಕಾರ. ನೀವು ಎಂಟ ಬರದಿದ್ರಿ. ನಿಮ್ಮಕಿಂತ ಹೆಚ್ಚ ಬರದ್ರ ಮರ್ಯಾದಿ ಉಳಿತೈತೇನ್ರಿ?”

ಬಾಗಿಲಲ್ಲಿ ನಿಂತಿದ್ದ, ಅವನ ಪಕ್ಕದ ಹೊಲದ ದುರ್ಗವ್ವ ಕಿಸಕ್ಕನೆ ನಕ್ಕಳು. “ಕಾಕಾ ಏಳ ಬರದಾರ, ನಾ ಹೆಂಗ ಎಂಟ ಬರೀಲ್ರಿ? ಆರ ಬರದೇನಿ.”

ಮೂವತ್ತೆರಡು ಮನೆ, ಒಬ್ಬರೂ ನನ್ನ ಎಂಟನ್ನು ದಾಟಿಲ್ಲ! ಆ ಲೆಕ್ಕ ನಂಬಿ ನಿಮ್ಮ ವರದಿ, ಕನ್ನೊಳ್ಳಿಯಲ್ಲಿ ಯೂರಿಯಾ ಅರ್ಧಕ್ಕಿಂತ ಕೆಳಗೆ ಇಳಿದಿದೆ ಎಂದು ನನ್ನ ಫೋಟೋ ಸಹಿತ ಹೇಳಿದೆ. ಈ ಊರಿನವರು ನನಗೆ ಕೊಟ್ಟ ಮರ್ಯಾದೆಯನ್ನು ಕಂಪನಿ ತನ್ನ ಸಾಧನೆ ಎಂದು ಊರೂರಿಗೆ ತೋರಿಸುತ್ತಿದೆ.

ನಿನ್ನೆ ಪರೀಕ್ಷಕರು ಬಂದರು, ಸಿದ್ದಾರೂಢ ಎಂದು ಹೆಸರು. ಎಲ್ಲರೆದುರು ಎಂಟಕ್ಕೆ ಗೀಟು ಹೊಡೆದು ಹದಿನಾರು ಎಂದು ಬರೆದೆ. ಸಿದ್ದರಾಯ ಪೆನ್ನು ಹಿಡಿದು, “ಈಗ ಏರಸ್ಲೇನ್ರಿ ಅಕ್ಕಾರ?” ಎಂದ. “ಏರಸೋ, ನಿನ್ನ ಹೊಲ ನಂದಕಿಂತ ದೊಡ್ಡದೈತಿ” ಎಂದೆ. ಉಳಿದವರು ಸಾಲಾಗಿ ನಿಂತು ತಿದ್ದಿದರು. ನಿನ್ನ ನೌಕರಿಗೆ ಪೆಟ್ಟು ಬೀಳಬಹುದು. ಗೊತ್ತಿದ್ದೇ ಮಾಡಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಶಿವ ನಿನ್ನನ್ನು ಗಟ್ಟಿಯಾಗಿ ಇಡಲಿ.

ನಿನ್ನ ಅವ್ವ,
ಇಂದುಬಾಯಿ

ತಾ.ಕ.: ಹೋದ ವರ್ಷದ ದೀಪಾವಳಿಗೆ, ವರದಿ ಇನ್ನೂ ಅಚ್ಚಾಗದಿದ್ದಾಗ, ಹದಿನಾರು ಚೀಲದ ವಿಷಯ ನಿನಗೊಬ್ಬಳಿಗೇ ಹೇಳಿದ್ದೆ. ಬೈಯುತ್ತೀ, ತಿದ್ದಿಸುತ್ತೀ ಎಂದುಕೊಂಡಿದ್ದೆ. “ಇರಲಿ ಬಿಡವ್ವಾ, ನಿನ್ನ ಹೆಸರಿಗೆ ಯಾರ ಕೈ ಹಚ್ತಾರ” ಅಂದಿ. ನಾನು ಹೇಳಿದ ಸುಳ್ಳಿಗಿಂತ, ನೀನು ಅದನ್ನು ಅಷ್ಟು ಸಲೀಸಾಗಿ ಎತ್ತಿಕೊಂಡದ್ದು ನನ್ನನ್ನು ಸುಡುತ್ತಿದೆ. “ಮಗಳಿಗೆ ಗೊತ್ತಿತ್ತೇನ್ರಿ ಬಾಯೋರ?” ಎಂದು ಸಿದ್ದಾರೂಢ ನಿನ್ನೆ ಕೇಳಿದರು. “ಗೊತ್ತಿತ್ರಿ” ಎಂದೆ. ಅವರು ಬರೆದುಕೊಂಡು ಹೋದರು.