ನಿಮ್ಮ ಜಾಲತಾಣ ಒಂದೇ ಬ್ರೌಸರ್‌ಗೆ ಯಾಕೆ ಬಾಗಿಲು ತೆರೆಯುತ್ತದೆ?

ಶಿಕ್ಷಕರ ನೇಮಕಾತಿ ಜಾಲತಾಣದ ಹೊಣೆ ಹೊತ್ತ ಅಧಿಕಾರಿಗಳಿಗೆ

ಮಾನ್ಯರೇ,

ನಿಮ್ಮ ಜಾಲತಾಣದ ಪ್ರಕಾರ ನಾನು ಕಿವುಡಿ. ಖರೆ ಹೇಳಬೇಕೆಂದರೆ ನನ್ನ ಕಿವಿ ಚುರುಕಾಗಿದೆ, ಮಂದವಾಗಿರುವುದು ಕಣ್ಣು. ಈ ಒಂದು ತಪ್ಪಿಗಾಗಿ ಹೋದ ವರ್ಷ, ಅಂದರೆ ೨೦೦೯ರಲ್ಲಿ, ನನ್ನ ಅರ್ಜಿ ತಿರಸ್ಕೃತವಾಯಿತು. ತಪ್ಪು ಯಾರದು ಎಂದು ಹುಡುಕುತ್ತ ಹೋದರೆ ದಾರಿ ನಿಮ್ಮ ಮುಖಪುಟದ ಕೆಳಗಿನ ಒಂದು ಸಾಲಿಗೆ ಬಂದು ನಿಲ್ಲುತ್ತದೆ: ಈ ಜಾಲತಾಣವನ್ನು ಇಂಥ ಬ್ರೌಸರ್‌ನ ಇಂಥ ಆವೃತ್ತಿಯಲ್ಲಿಯೇ ನೋಡತಕ್ಕದ್ದು. ಆ 'ತಕ್ಕದ್ದು' ಎಂಬ ಪದ ಬರೆದವರು ಯಾರು? ಬರೆಯುವಾಗ ಅವರ ಕಣ್ಣ ಮುಂದೆ ಯಾರಿದ್ದರು? ನಾನಂತೂ ಇರಲಿಲ್ಲ.

ಇದರ ಬಗ್ಗೆ ಬಹಿರಂಗವಾಗಿ ಬರೆಯುತ್ತೇನೆಂದಾಗ ನಮ್ಮ ಓಣಿಯ ಹಿರಿಯರೊಬ್ಬರು ನಕ್ಕುಬಿಟ್ಟರು. "ನಳದಾಗ ನೀರ ಬರೂದಿಲ್ಲ, ಕರೆಂಟ ಇರೂದಿಲ್ಲ. ಅದನ್ನ ಬರಿಯೂದ ಬಿಟ್ಟು ಬ್ರೌಸರ್ ಅಂತೀಯಲ್ಲ ಯವ್ವಾ, ಏನದು?" ಎಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಇಂಟರ್‌ನೆಟ್ಟಿನ ಪುಟಗಳನ್ನು ಕಂಪ್ಯೂಟರಿನಲ್ಲಿ ತೆರೆದು ತೋರಿಸುವ ಸಾಧನಕ್ಕೆ ಬ್ರೌಸರ್ ಎನ್ನುತ್ತಾರೆ. ಅದು ಒಂದೇ ಇಲ್ಲ, ಹಲವಿವೆ. ಯಾರಿಗೆ ಯಾವುದು ಹೊಂದುತ್ತದೋ ಅದನ್ನು ಅವರು ತಮ್ಮ ಕಂಪ್ಯೂಟರಿಗೆ ಹಾಕಿಕೊಳ್ಳುತ್ತಾರೆ. ಕೆಲವರಿಗೆ ಅದು ಬರೀ ಅಭ್ಯಾಸದ ಮಾತು. ನನಗೆ ಅದು ಓದಲು ಬರುವುದಕ್ಕೂ ಬಾರದಿರುವುದಕ್ಕೂ ಇರುವ ಅಂತರ.

ನಾನು ಇಳಕಲ್ಲಿನ ನೇಕಾರರ ಮನೆಯವಳು. ಅಪ್ಪ ಅಮೀನಪ್ಪ ಕೈಮಗ್ಗದಲ್ಲಿ ಸೀರೆ ನೇಯುತ್ತಾರೆ, ಅವ್ವ ಶೇಖವ್ವ ನೂಲು ಸುತ್ತುತ್ತಾಳೆ, ತಮ್ಮ ಸಂಜು ಪವರ್‌ಲೂಮಿಗೆ ಹೋಗುತ್ತಾನೆ. ಹುಟ್ಟಿದಾಗಿನಿಂದ ನನ್ನ ಕಣ್ಣು ಹೀಗೇ. ಚಷ್ಮಾ ಹಾಕಿದರೂ ಅಕ್ಷರ ಮಂಜಿನೊಳಗಿನ ಇರುವೆಯ ಸಾಲು. ಪುಸ್ತಕವನ್ನು ಮೂಗಿಗೆ ಹಚ್ಚಿಕೊಂಡು, ಕತ್ತು ನೋಯಿಸಿಕೊಂಡು ಬಿ.ಎ. ಮುಗಿಸಿದೆ, ಬಾಗಲಕೋಟೆಯಲ್ಲಿ ಬಿ.ಇಡಿ. ಮಾಡಿದೆ. ಅಲ್ಲಿ ನನ್ನ ಪಕ್ಕದಲ್ಲಿ ಕೂಡುತ್ತಿದ್ದ ಗೆಳತಿ ಹುನಗುಂದದ ರಂಜಾನಬಿ. ಹಳೆಯದೊಂದು ಕಂಪ್ಯೂಟರ್ ನಮ್ಮ ಮನೆಗೆ ಬಂದಾಗ ಅವಳು ಪತ್ರಿಕೆಯೊಂದರ ಜೊತೆ ಪುಕ್ಕಟೆ ಸಿಕ್ಕಿದ್ದ ಸಿ.ಡಿ. ಹಿಡಿದುಕೊಂಡು ಬಂದಳು. "ಇದ್ರಾಗ ಬ್ಯಾರೆ ಬ್ರೌಸರ್ ಐತಿ ಸುಮಾ. ಹಾಕಿ ನೋಡೋಣ ತಡಿ, ನಿನಗ ಇದು ಉಪಯೋಗ ಆಗ್ತೈತಿ" ಎಂದಳು.

ಹಾಕಿದಳು. ಒಂದು ಪುಟ ತೆರೆದು ಕೀಲಿಮಣೆಯಲ್ಲಿ ಎರಡು ಕೀಲಿ ಒತ್ತಿಸಿದಳು. ಪುಟಕ್ಕೆ ಪುಟವೇ ಹಿಗ್ಗಿತು. ಅಕ್ಷರ, ಚಿತ್ರ ಎಲ್ಲ. ಮತ್ತೆ ಒತ್ತಿದೆ, ಮತ್ತೆ ಹಿಗ್ಗಿತು. ಯಾರೋ ಕನ್ನಡದಲ್ಲಿ ಬಾದಾಮಿಯ ಗುಹೆಗಳ ಬಗ್ಗೆ ಬರೆದು ಚಿತ್ರಗಳನ್ನೂ ಹಾಕಿದ್ದರು. ಸಾಲಿಯಲ್ಲಿದ್ದಾಗ ನಮ್ಮನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದರು. ಕುಣಿಯುವ ಶಿವನ ಮುಂದೆ ನಿಲ್ಲಿಸಿ ಗುರುಗಳು ಕೈ ಎಣಿಸಲು ಹೇಳಿದ್ದರು. ನನಗೆ ಕಂಡದ್ದು ಕೆಂಪು ಬಂಡೆಯ ಮೇಲೊಂದು ದೊಡ್ಡ ಕೆಂಪು ನೆರಳು. ಉಳಿದವರು ಹದಿನೆಂಟು ಎಂದು ಕೂಗಿದಾಗ ನಾನೂ ಕೂಗಿದ್ದೆ. ಆ ದಿನ ಪರದೆಗೆ ಮುಖ ಹಚ್ಚದೆ, ಕುರ್ಚಿಯಲ್ಲಿ ನೆಟ್ಟಗೆ ಕೂತು, ಚಿತ್ರದಲ್ಲಿದ್ದ ಆ ಶಿವನ ಒಂದೊಂದೇ ಕೈ ಎಣಿಸಿದೆ. ಹದಿನೆಂಟು ಇದ್ದವು. "ಯಾಕಲೇ, ಅಳಾಕತ್ತೀಯೇನು?" ಎಂದಳು ರಂಜಾನಬಿ. ನನ್ನ ಕಂಪ್ಯೂಟರಿಗೆ ಬ್ರೌಸರ್ ಆಯ್ಕೆಯಾದದ್ದು ಹೀಗೆ. ನಿಮ್ಮ ಕಚೇರಿಯಲ್ಲಿ ಬಹುಶಃ ಬೇರೆ ರೀತಿಯಲ್ಲಿ ಆಗಿರಬಹುದು, ಸಮಿತಿ ಕೂತಿರಬಹುದು.

ಹೋದ ವರ್ಷ ನೇಮಕಾತಿಯ ಪ್ರಕಟಣೆ ಬಂತು. ಅಂಗವಿಕಲರಿಗೆ ಮೀಸಲಾತಿ ಇದೆ, ಅರ್ಜಿ ಮಾತ್ರ ಆನ್‌ಲೈನಿನಲ್ಲಿಯೇ ಹಾಕಬೇಕು ಎಂದಿತ್ತು. ನನಗೆ ಖುಷಿಯೇ ಆಯಿತು. ಕಾಗದದ ಅರ್ಜಿಯ ಸಣ್ಣ ಅಕ್ಷರಕ್ಕಿಂತ ಇದು ಎಷ್ಟೋ ವಾಸಿ ಎಂದುಕೊಂಡೆ. ಹಾಗೆಂದುಕೊಂಡು ನಿಮ್ಮ ಪುಟ ತೆರೆದರೆ ಕನ್ನಡವೇ ಇಲ್ಲ! ತಲೆಯ ಮೇಲೆ ಚುಕ್ಕೆ, ಗೀಟು, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಗುರುತು. ದೊಡ್ಡದು ಮಾಡಿದೆ. ಆ ಅಸಂಬದ್ಧವೇ ದೊಡ್ಡದಾಗಿ ಕಂಡಿತು. ನೀವು ಕನ್ನಡಕ್ಕೆ ಬಳಸಿದ ಅಕ್ಷರಶೈಲಿ ನಿಮ್ಮದೇ ಬೇರೆಯಂತೆ, ಅದು ನಿಮ್ಮ ಮೆಚ್ಚಿನ ಬ್ರೌಸರ್‌ನಲ್ಲಿ ಮಾತ್ರ ಮೂಡುತ್ತದಂತೆ. ಊರೂರಿನ ಹುಡುಗರು ಬರೆಯುವ ಬ್ಲಾಗುಗಳಲ್ಲಿ ಕನ್ನಡ ಎಲ್ಲ ಕಡೆಯೂ ಚೊಕ್ಕಾಗಿ ಕಾಣುತ್ತದೆ. ಕನ್ನಡದ ಸರಕಾರದ ಕನ್ನಡ ಮಾತ್ರ ಯಾಕೆ ಹೀಗೆ ಕೆಡುತ್ತದೆ?

ಇರಲಿ ಎಂದು ನಿಮ್ಮ ಆಜ್ಞೆಯ ಬ್ರೌಸರ್ ತೆರೆದೆ. ಅದೂ ನನ್ನ ಕಂಪ್ಯೂಟರಿನಲ್ಲಿತ್ತು. ಕನ್ನಡ ಬಂತು, ಆದರೆ ಸಾಸಿವೆ ಕಾಳಿನಷ್ಟು. ನೀವು ಅಕ್ಷರದ ಅಳತೆಯನ್ನು ಕಟ್ಟಿಹಾಕಿದ್ದೀರಿ, ಏನು ಒತ್ತಿದರೂ ಹಿಗ್ಗುವುದಿಲ್ಲ. ಪರದೆಯ ಮೇಲೆ ಭೂತಗನ್ನಡಿಯಂಥ ಪಟ್ಟಿಯೊಂದನ್ನು ಇಟ್ಟುಕೊಂಡು, ಒಡೆದ ಅಕ್ಷರಗಳನ್ನು ಒಂದೊಂದೇ ಕೂಡಿಸಿಕೊಂಡು ಓದತೊಡಗಿದೆ. ಹೆಸರು, ತಂದೆಯ ಹೆಸರು, ಊರು ಇಷ್ಟು ತುಂಬುವಷ್ಟರಲ್ಲಿ 'ನಿಮ್ಮ ಸಮಯ ಮುಗಿದಿದೆ' ಎಂದು ಪುಟ ಮುಚ್ಚಿಕೊಂಡಿತು. ಮತ್ತೆ ಮೊದಲಿಂದ. ಮತ್ತೆ ಸಮಯ ಮುಗಿಯಿತು. ಕಣ್ಣಿನ ದೋಷವಿದ್ದವರು ಎಂಬ ಕಲಮಿನಡಿ ಅರ್ಜಿ ಹಾಕುವವರು ಕಣ್ಣು ಚೆನ್ನಾಗಿರುವವರ ವೇಗದಲ್ಲಿಯೇ ಓದಬೇಕೆಂಬ ನಿಮ್ಮ ನಿರೀಕ್ಷೆ ನಮ್ಮ ಮೇಲಿನ ವಿಶೇಷ ವಿಶ್ವಾಸವೇ ಇರಬೇಕು!

ಸಹಾಯವಾಣಿಗೆ ಫೋನ್ ಹಚ್ಚಿದೆ. ಎತ್ತಿಕೊಂಡ ಹೆಣ್ಣುಮಗಳ ದನಿ ಮೃದುವಾಗಿತ್ತು. ಎಲ್ಲವನ್ನೂ ಹೇಳಿದೆ. ಆಕೆ ಕೊನೆಯವರೆಗೂ ಕೇಳಿ, "ಮೇಡಂ, ಮನೇಲಿ ಕಣ್ಣು ಕಾಣೋರು ಬೇರೆ ಯಾರೂ ಇಲ್ವಾ?" ಎಂದಳು.

"ಅದಾರ್ರಿ," ಎಂದೆ.

"ಹಾಗಾದ್ರೆ ಅವರ ಕೈಲಿ ತುಂಬಿಸಿಬಿಡಿ. ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀರಾ?"

ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಆಕೆಗೆ ನೀವು ಕಲಿಸಿದ್ದು ಅಷ್ಟೇ. ಆದರೆ ಆ ಮಾತು ಇಂದಿಗೂ ಒಳಗೆ ಕೊರೆಯುತ್ತದೆ. ನಾಳೆ ತರಗತಿಯಲ್ಲಿ ನಿಂತು ಮಕ್ಕಳಿಗೆ ಸ್ವಂತ ಓದಿ ಸ್ವಂತ ಬರೆಯಿರಿ ಎಂದು ಹೇಳಬೇಕಾದವಳು ನಾನು. ಆ ಕೆಲಸದ ಅರ್ಜಿಯನ್ನೇ ಪರರ ಕೈಯಲ್ಲಿ ತುಂಬಿಸಬೇಕೆ?

ಮನೆಯಲ್ಲಿ ಅಪ್ಪನೂ ಅದನ್ನೇ ಅಂದರು. "ಬಿಡವ್ವಾ, ಹಟ ಮಾಡಬ್ಯಾಡ. ಪ್ಯಾಟ್ಯಾಗ ಕಂಪ್ಯೂಟರ್ ಮಂದಿ ತುಂಬಿ ಕೊಡ್ತಾರಂತ. ಕೆಲಸ ಆದ್ರ ಸಾಕು." ಅವ್ವ ನೂಲು ಸುತ್ತುವುದನ್ನು ನಿಲ್ಲಿಸಿ ನನ್ನ ಕಡೆಗೆ ತಿರುಗಿದಳು. "ನಾ ಎಷ್ಟೋ ಕಾಗದಕ್ಕ ಹೆಬ್ಬಟ್ಟ ಒತ್ತೇನಿ. ಅದ್ರಾಗ ಏನ ಬರದಿದ್ರೋ ಇವತ್ತಿಗೂ ನನಗ ಗೊತ್ತಿಲ್ಲ. ನೀನೂ ಹಂಗ ಒತ್ತತೀಯೇನು?" ಎಂದಳು. ಕೊನೆಯ ದಿನ ಹತ್ತಿರ ಬಂದಿತ್ತು. ಅವ್ವನ ಮುಖ ತಪ್ಪಿಸಿಕೊಂಡು ಸಂಜುವಿನ ಜೊತೆ ಬಾಗಲಕೋಟೆಯ ಬಸ್ಸು ಹತ್ತಿದೆ.

ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಕೇಂದ್ರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೇಂದ್ರ ನಡೆಸುವ ವೀರೇಶ ಒಬ್ಬರಾದ ಮೇಲೊಬ್ಬರ ಅರ್ಜಿ ತುಂಬುತ್ತಲೇ ಇದ್ದರು. ಸಂಜು ನನ್ನ ಸರ್ಟಿಫಿಕೇಟುಗಳ ನಕಲು ಮಾಡಿಸಲು ಎದುರಿನ ಅಂಗಡಿಗೆ ಹೋದ. ನನ್ನ ಸರದಿ ಬಂತು. ವೀರೇಶ ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. "ಕ್ಯಾಟಗರಿ? ಅಂಗವಿಕಲರ್ರಿ? ಹಾಂ, ಹಾಕೇನ್ರಿ." ಹಿಂದಿನಿಂದ ಯಾರೋ "ಲಗೂನ ಮುಗಸ್ರಿ, ನಮ್ಮದೂ ಐತಿ" ಎಂದು ಕೂಗುತ್ತಿದ್ದರು. ಕಡೆಗೆ ಅವರು, "ಎಲ್ಲಾ ಓದಿ ಸರಿ ಐತಿ ಅಂತ ಒಪ್ಪಕೊಂಡೇನಿ ಅಂತ ಒಂದು ಕೇಳ್ತೈತ್ರಿ. ಹೌದು ಅಂತ ಒತ್ತಲೇನ್ರಿ?" ಎಂದರು. ನನ್ನ ಕಣ್ಣಿಗೆ ಪರದೆ ಬಿಳಿ ಗೋಡೆಯಂತಿತ್ತು. ಒತ್ತಿರಿ ಎಂದೆ.

ದಾಖಲೆ ಪರಿಶೀಲನೆಗೆ ಕರೆ ಬಂದಾಗ ಮನೆಯಲ್ಲಿ ಹಬ್ಬವೇ ಆಯಿತು. ಅವ್ವ ಅಪ್ಪನೇ ನೇಯ್ದ ಸೀರೆ ಉಡಿಸಿ ಕಳಿಸಿದಳು. ಬಾಗಲಕೋಟೆಯಲ್ಲಿ ನನ್ನ ಹೆಸರು ಕರೆದರು, ಎದ್ದು ಹೋಗಿ ನಿಂತೆ. ಮೇಜಿನ ಆಚೆಗಿದ್ದ ಸಾಹೇಬರು ಒಮ್ಮೆ ಕಾಗದ ನೋಡಿ, ಇದ್ದಕ್ಕಿದ್ದಂತೆ ಹಾಲು ಮಾರುವವರ ಹಾಗೆ ಒದರತೊಡಗಿದರು. "ಸುಮಾ! ಅಮೀನಪ್ಪನ ಮಗಳು! ನೀವ ಏನ್ರಿ?"

"ಹೌದ್ರಿ. ಹಂಗ ಒದರಬ್ಯಾಡ್ರಿ ಸರ, ನನಗ ಕೇಳಸ್ತೈತಿ."

ಅವರು ಚಕಿತರಾದರು. "ಕೇಳಸ್ತೈತಿ? ಇಲ್ಲಿ ಶ್ರವಣದೋಷ ಅಂತೈತಲ್ರಿ."

"ನನ್ನ ದೋಷ ಕಣ್ಣಿಂದ್ರಿ. ಅಲ್ಲೇ ದವಾಖಾನಿ ಸರ್ಟಿಫಿಕೇಟ್ ಐತಿ, ನೋಡ್ರಿ."

ಅವರು ಸರ್ಟಿಫಿಕೇಟು ಓದಿದರು, ಪಕ್ಕದವರಿಗೂ ತೋರಿಸಿದರು. ಬಹಳ ಹೊತ್ತು ಪಿಸುಮಾತಿನಲ್ಲಿ ಚರ್ಚೆ ನಡೆಯಿತು. ಅವರಿಗೆ ಗೊತ್ತಿರಲಿಲ್ಲ, ಆ ಪಿಸುಮಾತೂ ನನಗೆ ಕೇಳಿಸುತ್ತಿತ್ತು. "ಪಾಪ, ಖರೇನ ಐತಿ. ಆದ್ರ ಕಂಪ್ಯೂಟರ್‌ನ್ಯಾಗ ತಿದ್ದಾಕ ನಮಗ ಬರೂದಿಲ್ಲಲ್ಲ." ಆಮೇಲೆ ಸಾಹೇಬರು ನನ್ನತ್ತ ತಿರುಗಿ, ಈ ಸಲ ಮೆಲ್ಲಗೆ, "ನೋಡ್ರಿ ತಂಗಿ, ನೀವು ಕಿವುಡರಲ್ಲ ಅಂದ್ರ ಅರ್ಜಿ ತಪ್ಪು. ಅರ್ಜಿ ಖರೆ ಅಂದ್ರ ಸರ್ಟಿಫಿಕೇಟ್ ತಪ್ಪು. ಎರಡೂ ಒಂದಾಗೂದಿಲ್ಲ. ನಾ ಏನ ಮಾಡ್ಲಿ?" ಎಂದರು.

ಅವರು ಕೆಟ್ಟವರಲ್ಲ. ನೀರು ತರಿಸಿಕೊಟ್ಟರು. ಆದರೆ ನನ್ನ ಹೆಸರಿನ ಮುಂದೆ ಕೆಂಪು ಗೀಟು ಎಳೆದರು. ಆ ಗೀಟು ಮಾತ್ರ ನನಗೆ ಅಷ್ಟು ದೂರದಿಂದಲೂ ಕಂಡಿತು.

ಊರಿಗೆ ಮರಳಿದ ಮೇಲೆ ವಾರಗಟ್ಟಲೆ ನಾನು ಆ ಕಂಪ್ಯೂಟರ್ ಮುಟ್ಟಲಿಲ್ಲ. ಸಂಜು ತಾನು ಎದುರಿನ ಅಂಗಡಿಗೆ ಹೋಗಬಾರದಿತ್ತು ಎಂದು ಹಲುಬಿದ. ವೀರೇಶ ಸುದ್ದಿ ಕೇಳಿ ಇಳಕಲ್ಲಿಗೇ ಬಂದು, ಪಟ್ಟಿಯಲ್ಲಿ ದೃಷ್ಟಿದೋಷ, ಶ್ರವಣದೋಷ ಒಂದರ ಕೆಳಗೊಂದಿದ್ದವು, ಗದ್ದಲದಲ್ಲಿ ಬೆರಳು ಜಾರಿತು ಎಂದು ಕೈ ಮುಗಿದರು. ಅವರ ಮುಖ ನನಗೆ ಸ್ಪಷ್ಟ ಕಾಣಲಿಲ್ಲ, ಆದರೆ ದನಿ ನಡುಗುತ್ತಿತ್ತು. ಎಲ್ಲರೂ ಕ್ಷಮೆ ಕೇಳಿದರು, ನಿಮ್ಮೊಬ್ಬರನ್ನು ಬಿಟ್ಟು. ನಾನು ಬರೆದ ಮನವಿಗೆ ನಿಮ್ಮಿಂದ ಬಂದದ್ದು ಒಂದೇ ಸಾಲು: ಅರ್ಜಿಯಲ್ಲಿನ ವಿವರಗಳಿಗೆ ಅಭ್ಯರ್ಥಿಯೇ ಸಂಪೂರ್ಣ ಜವಾಬ್ದಾರರು. ಒಪ್ಪಿದೆ ಸ್ವಾಮಿ. ಜವಾಬ್ದಾರಿ ನನ್ನದು. ಆದರೆ ಓದುವ ಅವಕಾಶ ಕೊಡದೆ ಓದಿದ್ದೇನೆಂದು ಒಪ್ಪಿಸಿಕೊಳ್ಳುವುದು ಯಾವ ನ್ಯಾಯ? ಅವ್ವನ ಹೆಬ್ಬೆಟ್ಟಿಗೂ ನನ್ನ 'ಹೌದು' ಎಂಬ ಒತ್ತಿಗೂ ಏನು ವ್ಯತ್ಯಾಸ ಉಳಿಯಿತು?

ಈಗ ನಾನು ಕಮತಗಿಯ ಒಂದು ಖಾಸಗಿ ಸಾಲಿಯಲ್ಲಿ ಕನ್ನಡ ಕಲಿಸುತ್ತೇನೆ. ಹಿಂದಿನ ಬೆಂಚಿನವರು ಏನು ಗುಸುಗುಸು ಮಾಡಿದರೂ ಹೆಸರು ಹಿಡಿದು ಎಬ್ಬಿಸುತ್ತೇನೆ, ಹುಡುಗರಿಗೆ ಅದೇ ಹೆದರಿಕೆ. ಕೆಲಸ ಇಷ್ಟವಾಗಿದೆ, ಆದರೆ ಕಾಯಂ ಅಲ್ಲ. ಮೊನ್ನೆ ರಂಜಾನಬಿ ಫೋನ್ ಮಾಡಿ, ಹೊಸ ಪ್ರಕಟಣೆ ಬರಲಿದೆ ಎಂದಳು. ಅಂದಿನಿಂದ ಕೂತಲ್ಲಿ ಕೂಡಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ದಿನವೂ ನಿಮ್ಮ ಪುಟ ತೆರೆದು ನೋಡುತ್ತೇನೆ. ಅದೇ ಟೋಪಿಯ ಅಕ್ಷರ, ಅದೇ 'ತಕ್ಕದ್ದು'.

ಆದ್ದರಿಂದ ಕೇಳುತ್ತಿದ್ದೇನೆ. ನನಗೆ ನೌಕರಿ ಕೊಡಿ ಎಂದಲ್ಲ. ಅದನ್ನು ಅಂಕಗಳು ತೀರ್ಮಾನಿಸಲಿ. ನಿಮ್ಮ ಪುಟ ಯಾವ ಬ್ರೌಸರ್‌ನಲ್ಲಿ ತೆರೆದರೂ ತೆರೆಯಬೇಕು. ಅದರ ಕನ್ನಡ ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣಬೇಕು. ಅಕ್ಷರ ಹಿಗ್ಗಿಸಿದರೆ ಹಿಗ್ಗಬೇಕು, ನಿಧಾನ ಓದುವವರಿಗಾಗಿ ಕಾಯಬೇಕು, ತಪ್ಪಾದರೆ ತಿದ್ದಲು ದಾರಿಯಿರಬೇಕು. ಹೊಸ ಪ್ರಕಟಣೆಗೆ ಮೊದಲೇ ಇದಿಷ್ಟನ್ನೂ ಮಾಡಿ, ಮಾಡಿದ್ದೇವೆಂದು ಸಾರ್ವಜನಿಕವಾಗಿ ಹೇಳಿ.

ಮಾಡದಿದ್ದರೆ ನಾನೇ ಬೆಂಗಳೂರಿಗೆ ಬರುತ್ತೇನೆ. ರಂಜಾನಬಿಯೂ ಜೊತೆಗೆ ಬರುತ್ತಾಳೆ, ಟಿಕೆಟ್ ತೆಗೆಸಲೇ ಎಂದು ಆಗಲೇ ಕೇಳುತ್ತಿದ್ದಾಳೆ. ನಿಮ್ಮ ಕಚೇರಿಯಲ್ಲಿ, ನಿಮ್ಮದೇ ಕಂಪ್ಯೂಟರಿನ ಮುಂದೆ ಕೂಡುತ್ತೇನೆ. ನನ್ನ ಅರ್ಜಿಯನ್ನು ನಾನೇ ಓದುತ್ತೇನೆ, ನಾನೇ ತುಂಬುತ್ತೇನೆ. ಎಷ್ಟು ಹೊತ್ತಾದರೂ ಆಗಲಿ, ಅಲ್ಲಿಯವರೆಗೆ ನೀವು ಪಕ್ಕದಲ್ಲಿ ನಿಂತುಕೊಂಡಿರಿ.

ಇಂತಿ,
ಉತ್ತರ ಬರೆಯುವುದಾದರೆ ದೊಡ್ಡ ಅಕ್ಷರದಲ್ಲಿ ಬರೆಯಿರಿ ಎಂದು ಕೋರುವ,
ಸುಮಾ ಅಮೀನಪ್ಪ
ಇಳಕಲ್ಲು, ಹುನಗುಂದ ತಾಲ್ಲೂಕು