ಬುಧವಾರಕ್ಕೆ ತಲುಪದ ಡಬ್ಬಿ

ನನ್ನ ಆಪಾ,

ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಬರೆದ ರಿಪೋರ್ಟನ್ನು ನೀವು ವಾರ್ಡಿನಲ್ಲಿ ಎಲ್ಲರೆದುರೇ ಹರಿದು ಹಾಕಿದ್ದು ನೆನಪಿದೆಯಾ? "ಟೈಮ್ ಬರಿ. ಏನಾಯ್ತು ಅಂತ ಬರಿ. ಯಾಕಾಯ್ತು ಅಂತ ಕಥೆ ಕಟ್ಬೇಡ ಕಣೇ, ಅದನ್ನ ಡಾಕ್ಟ್ರು ನೋಡ್ಕೋತಾರೆ" ಅಂದಿರಿ. ಅಜ್ಜಂಪುರದಿಂದ ಬಂದ, ತಲೆ ತುಂಬ ಎಣ್ಣೆ ಹಚ್ಚಿಕೊಂಡ ಹುಡುಗಿ ನಾನು. ಬಚ್ಚಲಿಗೆ ಹೋಗಿ ಅತ್ತೆ. ಆಮೇಲೆ ಅದೇ ಆಸ್ಪತ್ರೆಯಲ್ಲಿ ಅಷ್ಟು ವರ್ಷ ನಿಮ್ಮ ಕೈಕೆಳಗೆ, ಕೊನೆಕೊನೆಗೆ ನಿಮ್ಮ ಪಕ್ಕದಲ್ಲಿ, ನರ್ಸ್ ಕೆಲಸ ಮಾಡಿದೆ. ಈಗ ಬರೆಯುತ್ತಿರುವುದೂ ಒಂದು ರಿಪೋರ್ಟೇ. ನೀವು ಹೋಗಿ ನಾಲ್ಕು ತಿಂಗಳಾಯಿತು. ಇಷ್ಟು ತಡ ಯಾಕೆ ಅಂದರೆ... ಕಥೆ ಕಟ್ಟಬಾರದಲ್ಲವೇ. ಸುಸ್ತು, ಆಪಾ. ಕೈಕಾಲಿನ ಸುಸ್ತಾದರೆ ಮಲಗಿ ಎದ್ದರೆ ಹೋಗುತ್ತದೆ. ಇದು ಹೋಗುತ್ತಿಲ್ಲ.

ಗಾಡಿ ನಮ್ಮ ಮನೆಗೆ ಬಂದ ಸುದ್ದಿ ಕೇಳಿ ನೀವು ತರೀಕೆರೆಯಿಂದ ಬಸ್ಸು ಹಿಡಿದು ನೋಡಲು ಬಂದಿದ್ದಿರಿ. ನಮ್ಮ ಯಜಮಾನರು ಹದಿನೆಂಟು ವರ್ಷ ಓಡಿಸಿದ ಅದೇ ಆಂಬ್ಯುಲೆನ್ಸು. ಹಳತಾಯಿತೆಂದು ಹರಾಜಿಗಿಟ್ಟಾಗ ಇವರು ನನಗೂ ಹೇಳದೆ ಹೋಗಿ ಕೂಗಿ ತಂದುಬಿಟ್ಟರು. ಒಂದು ಹಸು ತಂದಿದ್ದರೆ ಹಾಲಾದರೂ ಕೊಡುತ್ತಿತ್ತಲ್ಲ ಎಂದು ನಾನು ಹಣೆ ಚಚ್ಚಿಕೊಂಡೆ. ಇವರು ಕೇಳಬೇಕಲ್ಲ! ಕಡೂರಿನ ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ಕೂತು ಅದರೊಳಗೆ ಮಂಚ ಮಾಡಿಸಿದರು, ಗ್ಯಾಸ್ ಒಲೆಗೆ ಕಟ್ಟೆ ಮಾಡಿಸಿದರು, ನೀರಿಗೆ ಡ್ರಮ್ಮು ಕೂರಿಸಿದರು. ನೆತ್ತಿಯ ಮೇಲಿನ ಕೆಂಪು ದೀಪ ಕಿತ್ತ ಜಾಗಕ್ಕೆ ತಗಡು ಬಡಿಸಿದರು. ಮೇಲೆ ಹಸಿರು ಬಣ್ಣ. ಇಬ್ಬರೂ ರಿಟೈರ್ ಆಗಿದ್ದೇವೆ, ಒಂದು ಬೇಸಿಗೆ ಪೂರ್ತಿ ಬೆಟ್ಟದ ಮೇಲೆ ಈ ಮನೆಯಲ್ಲೇ ಇರೋಣ ಎನ್ನುವುದು ಇವರ ಆಸೆ. ನೀವು ಗಾಡಿಯ ಸುತ್ತ ಒಂದು ಸುತ್ತು ಬಂದು, "ಪರಮೇಶಪ್ಪ, ನೀವು ರಿಟೈರ್ ಆದ್ರಿ, ಪಾಪ ಇದನ್ನ ಮಾತ್ರ ಬಿಡ್ಲಿಲ್ವಲ್ಲ" ಅಂದಿರಿ.

ಆಮೇಲೆ ಹಿಂದಿನ ಬಾಗಿಲಿನಿಂದ ಹತ್ತಿ ಮಂಚದ ಮೇಲೆ ಕೂತಿರಿ. ನಗು ನಿಂತಿತು. ಕಿಟಕಿಯ ಗಾಜಿಗೆ ಬಳಿದಿದ್ದ ಬಿಳಿ ಬಣ್ಣದ ಮೇಲೆ ಬೆರಳಾಡಿಸಿದಿರಿ. "ಈ ಗಾಡೀಲಿ ಎಷ್ಟು ಸಲ ಶಿವಮೊಗ್ಗಕ್ಕೆ ಹೋಗಿದೀನೋ ಲೆಕ್ಕ ಇಲ್ಲ. ಒಂದ್ಸಲನೂ ಹೊರಗಡೆ ನೋಡಿಲ್ಲ ಕಣೇ ಗಿರಿಜಾ. ಗ್ಲುಕೋಸ್ ಬಾಟ್ಲಿ ಹಿಡ್ಕೊಂಡು ನಿಂತಿರೋದೇ ಆಯ್ತು. ಒಂದ್ಸಲ ಸುಮ್ನೆ ಕೂತ್ಕೊಂಡು ಹೋಗ್ಬೇಕು. ಕಿಟಕಿ ಪಕ್ಕ." ಇವರು ಅದನ್ನು ಕೇಳಿಸಿಕೊಂಡರು. ಮಾರನೆಯ ದಿನ ಸೀಮೆಎಣ್ಣೆ ಬಟ್ಟೆ, ಹಳೆ ಬ್ಲೇಡು ಹಿಡಿದು ಆ ಒಂದು ಗಾಜಿನ ಬಣ್ಣ ಕೆರೆಯಲು ಕೂತರು. ಎರಡು ದಿನ ಹಿಡಿಯಿತು.

ನೀವು ಗಾಡಿ ನೋಡಲು ಬಂದ ದಿನವೇ ನಿಮ್ಮ ಕಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ್ದೆ. ಬಿದ್ದ ಗುಳಿ ಮೇಲೇಳಲೇ ಇಲ್ಲ. ಹಾರ್ಟು ವೀಕಾಗಿದೆ ಎಂದು ಡಾಕ್ಟರು ಹೇಳಿದ್ದನ್ನು ನೀವು ತರಕಾರಿ ರೇಟು ಹೇಳುವ ಹಾಗೆ ಹೇಳಿದಿರಿ. ಇಬ್ಬರೂ ನರ್ಸುಗಳು, ಮುಂದಿನದನ್ನು ಯಾರಿಗೆ ಯಾರು ಹೇಳಬೇಕಿತ್ತು? ಈಗಲೇ ಬನ್ನಿ ಎಂದು ಕರೆದೆ. "ಮೊದ್ಲು ನೀವಿಬ್ರು ಹೋಗಿ, ಬ್ರೇಕ್ ಹಿಡಿಯುತ್ತೋ ಇಲ್ವೋ ನೋಡ್ಕೊಂಬನ್ನಿ. ಆಮೇಲೆ ನಾನು" ಎಂದು ನಕ್ಕಿರಿ. ಹಾಗೆ ದಿನ ಗೊತ್ತಾಯಿತು. ಮೇ ತಿಂಗಳ ಕೊನೆಯ ಬುಧವಾರ ಬೆಳಿಗ್ಗೆ ಏಳು ಗಂಟೆಗೆ ತರೀಕೆರೆಗೆ ಬಂದು ನಿಮ್ಮನ್ನು ಹತ್ತಿಸಿಕೊಳ್ಳುವುದು, ಕೆಮ್ಮಣ್ಣುಗುಂಡಿಯಲ್ಲಿ ಎರಡು ದಿನ ಇರುವುದು.

ಹೊರಡುವ ದಿನ ದಾರಿಯಲ್ಲಿ ನಿಮ್ಮ ಮನೆ ಮುಂದೆ ನಿಂತಾಗ ಆ ಸ್ಟೀಲ್ ಡಬ್ಬಿಯಲ್ಲಿ ಮಾವಿನ ಉಪ್ಪಿನಕಾಯಿ ತುಂಬಿ ಕೊಟ್ಟಿರಿ. ಮುಚ್ಚಳದ ಮೇಲೆ ನಿಮ್ಮ ಹೆಸರು ಕೆತ್ತಿದ ಡಬ್ಬಿ. ಅದಕ್ಕೆ ನಮ್ಮಿಬ್ಬರ ಮನೆ ದಾರಿ ನಮಗಿಂತ ಚೆನ್ನಾಗಿ ಗೊತ್ತು. ರಂಜಾನಿಗೆ ಶಾವಿಗೆ ಪಾಯಸ ತುಂಬಿಕೊಂಡು ಬರುತ್ತಿತ್ತು, ಯುಗಾದಿಗೆ ಹೋಳಿಗೆ ತುಂಬಿಕೊಂಡು ಹೋಗುತ್ತಿತ್ತು. ಬಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದು ಎನ್ನುವುದು ನಮ್ಮ ಅತ್ತೆಯ ಕಟ್ಟಪ್ಪಣೆ. ನೀವದನ್ನು ಹಿಡಿದು ನನ್ನನ್ನು ಎಷ್ಟು ಕಾಡುತ್ತಿದ್ದಿರಿ! "ಖಾಲಿ ಡಬ್ಬಿ ಕೊಟ್ಟೀಯ ಜೋಕೆ, ನಿಮ್ಮತ್ತೆ ಮೇಲಿಂದ ಇಳಿದು ಬಂದ್ಬಿಡ್ತಾಳೆ" ಅಂತ ಅವತ್ತೂ ಅಂದಿರಿ. ಬೆಟ್ಟದ ಜೇನು ತುಂಬಿಸಿಕೊಂಡು ಬರುತ್ತೇನೆ ಎಂದು ನಾನು ಗಾಡಿಯೊಳಗಿನಿಂದಲೇ ಕೂಗಿದೆ. ಯಾರು ಕೇಳಿದ್ದರು ಜೇನು? ಬಾಯಿ ನನ್ನದು.

ಮೊದಲ ರಾತ್ರಿ ಅಯ್ಯನಕೆರೆ ಏರಿಯ ಹತ್ತಿರ ನಿಲ್ಲಿಸಿದೆವು. ಮದುವೆಯಾಗಿ ಅಷ್ಟು ವರ್ಷವಾದರೂ ಇವರ ಡ್ಯೂಟಿ ಒಂದು ಕಡೆ, ನನ್ನ ಶಿಫ್ಟು ಒಂದು ಕಡೆ. ಒಂದೇ ಗೂಡಿನಲ್ಲಿ ಇಪ್ಪತ್ತನಾಲ್ಕು ಗಂಟೆ ಇಬ್ಬರೇ ಎಂದೂ ಇದ್ದವರಲ್ಲ. ಇವರು ಗೊರಕೆ ಹೊಡೆದರೆ ತಗಡೂ ಅದುರುತ್ತದೆಂದು ಆಗ ಗೊತ್ತಾಯಿತು. ಕೊಡ ಹಿಡಿದು ನೀರಿಗೆ ಅಲೆಯುವುದು, ಬೆಳಿಗ್ಗೆ ಎದ್ದು ಮರೆ ಹುಡುಕುವುದು, ಮಂಚದಿಂದ ಎದ್ದರೆ ತಲೆ ತಗಲುವುದು. ಮೂರನೆಯ ದಿನಕ್ಕೆ ನನ್ನ ಸೊಂಟ ಹಿಡಿಯಿತು. "ನಿಮ್ಮ ಸುಖ ಸಾಕು, ಮನೆಗೆ ನಡೀರಿ" ಅಂದೆ. "ಇನ್ನೊಂದ್ಸ್ವಲ್ಪ ಮೇಲೆ ಹೋಗಣ ಕಣೇ, ತಂಪಿರುತ್ತೆ" ಅಂದರು. ಎಲ್ಲಿ ನಿಂತರೂ ಅದೇ ಮಾತು, ಇನ್ನೊಂದು ಸ್ವಲ್ಪ ಮೇಲೆ.

ಘಾಟಿಯಲ್ಲಿ ಒಂದು ತಮಾಷೆ ನಡೆಯುತ್ತಿತ್ತು, ನಿಮಗೆ ಹೇಳಬೇಕೆಂದು ಇಟ್ಟುಕೊಂಡಿದ್ದೆ. ಹಸಿರು ಬಣ್ಣ ಬಳಿದರೂ ಗಾಡಿಯ ಮುಖ ಆಂಬ್ಯುಲೆನ್ಸಿನದೇ ಅಲ್ಲವೇ? ಎದುರು ಬಂದವರು ಗಾಬರಿಯಿಂದ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಇವರೂ ಮುಖ ಗಂಟಿಕ್ಕಿಕೊಂಡು, ಒಳಗೆ ಯಾರೋ ಸೀರಿಯಸ್ ಇದ್ದಾರೆ ಎನ್ನುವ ಹಾಗೆ ಹೋಗಿಬಿಡುತ್ತಿದ್ದರು. ಒಳಗೆ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಒಂದು ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಹತ್ತಿರ ನಿಂತಾಗ ಹೆಂಗಸೊಬ್ಬಳು ಕಿವಿ ನೋವಿನ ಮಗುವನ್ನು ಎತ್ತಿಕೊಂಡು ಓಡಿಬಂದಳು. ಇದು ಆಸ್ಪತ್ರೆ ಗಾಡಿಯಲ್ಲಮ್ಮ ಎಂದರೆ, "ಬಣ್ಣ ಬದಲಾಯ್ಸಿದಾರೆ ಅಷ್ಟೆ, ನಂಗೊತ್ತಿಲ್ವಾ?" ಅಂತ ನನಗೇ ದಬಾಯಿಸಿದಳು. ಕಿವಿ ನೋಡಿದೆ, ಮಾತ್ರೆ ಕೊಟ್ಟೆ. ನಿಮ್ಮ ಸ್ಥಾನದಲ್ಲಿ ಕೂತು ನಿಮ್ಮ ಹಾಗೇ ಗದರಿದೆ ಕೂಡ.

ಭಾನುವಾರ ಕಲ್ಲತ್ತಿಗಿರಿಯ ಕೆಳಗೆ ಸಿಗ್ನಲ್ ಸಿಕ್ಕಾಗ ನಿಮಗೆ ಫೋನ್ ಮಾಡಿದೆ. ನೀವು ಮಾತಿನ ನಡುವೆ ಎರಡು ಸಲ ಉಸಿರಿಗೆ ನಿಂತಿರಿ. ನನ್ನ ಕಿವಿಗೆ ಅದು ಕೇಳಿಸಿತು. ಕೇಳಿಸಲಿಲ್ಲ ಎಂದು ರಿಪೋರ್ಟಿನಲ್ಲಿ ಹೇಗೆ ಬರೆಯಲಿ? "ಬುಧವಾರ ತಾನೇ? ಬ್ಯಾಗ್ ರೆಡಿ ಮಾಡ್ಲಾ?" ಅಂದಿರಿ. ಮಾಡಿ ಅಂದೆ. ಅಲ್ಲಿಂದ ಮೇಲೆ ಹತ್ತಿದೆವು, ಜೇನು ಬಿಡಿಸುವ ಮಂಜಯ್ಯ ಕೆಮ್ಮಣ್ಣುಗುಂಡಿಯ ಆಚೆ ಇರುತ್ತಾನೆಂದು ಯಾರೋ ಹೇಳಿದ್ದರು. ಅಲ್ಲಿ ಫೋನಿಗೆ ಒಂದು ಗೆರೆಯೂ ಬರುವುದಿಲ್ಲ.

ಮಂಗಳವಾರ ಸಂಜೆ ಮಂಜಯ್ಯ ಬರಿಗೈಯಲ್ಲಿ ಬಂದ. "ಮಳೆ ಹನಿ ಬಿದ್ದೈತೆ ಕಣಮ್ಮ, ಹುಳ ಕೆರಳಿರ್ತವೆ. ನಾಳೆ ಬಿಡುಸ್ಕೊಡ್ತೀನಿ" ಅಂದ. ಇವರು ಆಗಲೇ ಸ್ಟವ್ ಕಟ್ಟಿ, ನೀರು ಚೆಲ್ಲಿ, ಹೊರಡಲು ತಯಾರಾಗಿದ್ದರು. "ನಡಿಯೇ, ಬೆಳಿಗ್ಗೆ ಏಳಕ್ಕೆ ಅಂದಿದೀವಿ. ಆಪಾ ಕಾಯ್ತಿರ್ತಾರೆ" ಅಂದರು. ನಾನು ತೊಳೆದಿಟ್ಟ ಡಬ್ಬಿ ನೋಡಿದೆ. "ಒಂದು ದಿನದಲ್ಲಿ ಏನಾಗುತ್ತೆ? ಜೇನು ಅಂತ ಬಾಯಿ ಬಿಟ್ಟು ಹೇಳಿದೀನಿ. ಬರೀ ಡಬ್ಬಿ ಕೊಡಕ್ಕಾಗುತ್ತಾ?" ಅಂದೆ. ಬುಧವಾರವೂ ಹನಿ. ಗುರುವಾರ ಮಂಜಯ್ಯ ಜ್ವರ ಅಂತ ಮಲಗಿದ. ಇಷ್ಟು ಕಾದ ಮೇಲೆ ಬರಿಗೈಯಲ್ಲಿ ಹೋಗುವುದೇ ಎಂದು ನಾನು ಇನ್ನೂ ಗಟ್ಟಿಯಾಗಿ ಕೂತೆ. ಇವರು ನನ್ನ ಹತ್ತಿರ ಮಾತು ಬಿಟ್ಟು ಆ ಕಿಟಕಿ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ಆಪಾ, ಚಿಟಿಕೆ ಸಕ್ಕರೆ ಹಾಕಿದರೂ ಪಾತ್ರೆ ಬರಿದಲ್ಲ ಎಂದು ನಮ್ಮ ಅತ್ತೆಯೇ ಹೇಳುತ್ತಿದ್ದರು. ಸಕ್ಕರೆ ಗಾಡಿಯಲ್ಲೇ ಇತ್ತು. ಒಲೆಯ ಪಕ್ಕ, ಕೈ ಚಾಚಿದರೆ ಸಿಗುವ ಹಾಗೆ.

ಶುಕ್ರವಾರ ಮಧ್ಯಾಹ್ನ, ಕುತ್ತಿಗೆಯವರೆಗೆ ಜೇನು ತುಂಬಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಇಳಿದೆ. ಲಿಂಗದಹಳ್ಳಿ ಹತ್ತಿರ ಬರುತ್ತಿದ್ದಂತೆ ಫೋನು ಒಂದೇ ಸಮ ಬಡಿದುಕೊಂಡಿತು. ನಿಮ್ಮ ಮಗಳು ಶಾಹೀನ್ ಮಾಡಿದ್ದ ಕರೆಗಳು ಹದಿನಾಲ್ಕು. ತಿರುಗಿ ಮಾಡಿದೆ. ಗುರುವಾರ ಬೆಳಗಿನ ನಮಾಜಿಗೆ ನೀವು ಏಳಲಿಲ್ಲ. ಅವತ್ತೇ ಮಧ್ಯಾಹ್ನ ಮಣ್ಣೂ ಆಗಿತ್ತು. ಪೇಷೆಂಟ್ ದಾರಿಯಲ್ಲೇ ಹೋಗಿಬಿಟ್ಟರೆ ಇವರು ಸೈರನ್ ಆರಿಸಿ ಗಾಡಿ ನಿಧಾನ ಮಾಡುತ್ತಿದ್ದರಲ್ಲ, ನೆನಪಿದೆಯಾ? ಅಲ್ಲಿಂದ ತರೀಕೆರೆವರೆಗೆ ಹಾಗೇ ಓಡಿಸಿದರು. ಹಿಂದೆ ಬಂದವರೆಲ್ಲ ಹಾರನ್ ಹೊಡೆದು ಬೈದುಕೊಂಡು ಮುಂದೆ ಹೋದರು. ನಿಮ್ಮ ಮನೆ ತುಂಬ ಜನ. ಶಾಹೀನ್ ನನ್ನ ಕೈ ಹಿಡಿದು ಅತ್ತಳು. ನಾನು ಡಬ್ಬಿಯನ್ನು ಗಾಡಿಯಿಂದ ಇಳಿಸಲೇ ಇಲ್ಲ.

ಆಮೇಲೆ ನಾಲ್ಕು ತಿಂಗಳು ತರೀಕೆರೆ ಕಡೆ ತಲೆ ಹಾಕಲಿಲ್ಲ. ಇವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೇನೋ. ಗಾಡಿಗೆ ಹೊದಿಕೆ ಹಾಕಿಬಿಟ್ಟರು. ಜೇನನ್ನು ಬಾಟಲಿಗೆ ಬಗ್ಗಿಸಿಟ್ಟೆ, ಮಳೆಗಾಲದಲ್ಲಿ ಇವರ ಕೆಮ್ಮಿಗೆ ಖರ್ಚಾಯಿತು. ನಾನು ಒಂದು ಹನಿಯೂ ನಾಲಿಗೆಗೆ ಹಾಕಿಲ್ಲ.

ಹೋದ ವಾರ ಶಾಹೀನ್ ತಾನೇ ಅಜ್ಜಂಪುರಕ್ಕೆ ಬಂದಳು. ಚಹಾ ಕುಡಿಯುತ್ತ, ನಾನು ಕೇಳಲು ಹೆದರುತ್ತಿದ್ದುದನ್ನು ಅವಳೇ ಹೇಳಿದಳು.

"ಬುಧವಾರ ಅಮ್ಮಿ ಆರೂವರೆಗೇ ಬಿಳಿ ಸೀರೆ ಉಟ್ಕೊಂಡು ಹೊರಗಡೆ ಕುರ್ಚಿ ಹಾಕಿಸ್ಕೊಂಡ್ರು ಆಂಟಿ. ಬ್ಯಾಗ್ ಕಾಲ ಹತ್ರ. ಹನ್ನೊಂದಾಯ್ತು, ಒಳಗ್ ಬಾ ಅಮ್ಮಿ ಅಂದೆ. ಬರ್ತಾಳೆ ಕಣೇ, ಡಬ್ಬಿ ತುಂಬ್ಸಕ್ಕೆ ಎಲ್ಲೋ ನಿಂತಿರ್ತಾಳೆ ಅಂದ್ರು."

"ನಗ್ತಾ ಅಂದ್ರಾ?" ಎಂದು ಕೇಳಿದೆ.

"ನಗ್ತಾನೇ ಅಂದ್ರು."

"ನಿಜ ಹೇಳೇ."

"ನಿಜ ಆಂಟಿ. ಆಮೇಲೆ ಕತ್ತಲಾಗೋವರ್ಗೂ ಅಲ್ಲೇ ಕೂತಿದ್ರು."

ನಿಮಗೆ ಗೊತ್ತಿತ್ತು, ಆಪಾ. ನಾನು ಎಲ್ಲಿ ನಿಂತಿದ್ದೇನೆ, ಯಾಕೆ ನಿಂತಿದ್ದೇನೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಕತ್ತಲಾಗುವವರೆಗೆ... ಬೈದಿದ್ದರೆ ಆಗುತ್ತಿರಲಿಲ್ಲವೇ? ನನ್ನ ರಿಪೋರ್ಟು ಹರಿದು ಹಾಕಿದ ಹಾಗೆ ಒಂದು ಸಲ ಎಲ್ಲರೆದುರೇ ಬೈದು ಹೋಗಬಾರದಿತ್ತೇ?

ಶಾಹೀನ್ ಹೊರಡುವಾಗ ಗಾಡಿಯ ಹೊದಿಕೆ ಎತ್ತಿ ಆ ಕಿಟಕಿ ನೋಡಿದಳು. "ಅಮ್ಮಿ ಬ್ಯಾಗ್ ಇನ್ನೂ ಬಿಚ್ಚಿಲ್ಲ ಆಂಟಿ" ಎಂದಳು. ಇವರು ಜಗುಲಿಯಿಂದಲೇ, "ನನ್ ಕಣ್ಣು ಮಂಜಾಗ್ತೈತೆ ಕಣಮ್ಮ. ಇನ್ನೊಂದೇ ಸಲ ಬೆಟ್ಟ ಹತ್ತುಸ್ತೀನಿ, ಆಮೇಲೆ ಓಡ್ಸಲ್ಲ. ನೀನ್ ಬತ್ತೀಯಾ?" ಅಂದರು. ನಾಲ್ಕು ತಿಂಗಳಲ್ಲಿ ಇವರು ಗಾಡಿಯ ಮಾತೆತ್ತಿದ್ದು ಅವತ್ತೇ.

ನಾಳೆ ಬುಧವಾರ. ಶಾಹೀನ್ ತಾನು ಪಾಠ ಮಾಡುವ ಶಾಲೆಗೆ ರಜೆ ಹಾಕಿದ್ದಾಳೆ. ಕಿಟಕಿಯ ಪಕ್ಕ ಅವಳು, ಅವಳ ತೊಡೆಯ ಮೇಲೆ ನಿಮ್ಮ ಬ್ಯಾಗು. ನನಗೆ ಹತ್ತುವ ಮನಸ್ಸಿಲ್ಲ, ಸೊಂಟಕ್ಕೂ ಇಲ್ಲ. ಆದರೂ ಬರುತ್ತೇನೆ. ಏಳು ಗಂಟೆಗೆ ಎಂದಿದ್ದೇವೆ, ಆರೂವರೆಗೇ ನಿಮ್ಮ ಬಾಗಿಲಲ್ಲಿರುತ್ತೇವೆ. ನಿಮ್ಮ ಡಬ್ಬಿಯನ್ನು ತೊಳೆದು ಒರೆಸಿ ಚೀಲದಲ್ಲಿಟ್ಟಿದ್ದೇನೆ. ಅತ್ತೆ ಇಳಿದು ಬರುವುದಾದರೆ ಬರಲಿ, ಅದನ್ನು ಹಾಗೇ ಶಾಹೀನ್ ಕೈಗೆ ಕೊಡುತ್ತೇನೆ. ಅದರಲ್ಲಿ ಏನೂ ಇಲ್ಲ.

ನಿಮ್ಮ
ಗಿರಿಜಾ