‘ಹೌದು’ ಎಂದರೆ ‘ಬೇಡ’: ಮತಪತ್ರದ ಐದನೆಯ ಪ್ರಶ್ನೆ

ನಮ್ಮ ರಾಜ್ಯದ ಮತಪತ್ರಕ್ಕೆ ಪ್ರಶ್ನೆ ಬರೆದುಕೊಡುವ ಮಾನ್ಯ ಅಧಿಕಾರಿಗಳೇ,

ತಾವು ಗೆದ್ದಿರಿ. ಕಳೆದ ಮಂಗಳವಾರದ ಚುನಾವಣೆಯಲ್ಲಿ ಅಭ್ಯರ್ಥಿಗಳ ಹೆಸರಿನ ಕೆಳಗೆ ಜನರ ತೀರ್ಪಿಗೆಂದು ಅಚ್ಚಾದ ತಮ್ಮ ಒಂದೇ ಒಂದು ವಾಕ್ಯ ನನ್ನಂಥ ಹಳೆಯ ಹೋರಾಟಗಾರನನ್ನು ಮಕಾಡೆ ಮಲಗಿಸಿತು. ಹೆಂಡತಿಯ ತಮ್ಮನಿಗೆ ಮತದಾನದ ಹಕ್ಕು ಕೊಡಿಸಲು ವರ್ಷವಿಡೀ ಬೀದಿ ಸುತ್ತಿದ ನಾನು, ಕೊನೆಗೆ ಅವನಿಗೆ ಆ ಹಕ್ಕು ಬೇಡವೆಂದು ಮತ ಹಾಕಿ ಬಂದೆ. ಲಂಚ ತಿಂದಲ್ಲ, ಕುಡಿದಲ್ಲ. ಓದಿ! ತಮ್ಮ ಪ್ರಶ್ನೆಯನ್ನು ಶ್ರದ್ಧೆಯಿಂದ ಓದಿ!

ನನ್ನ ಭಾಮೈದ ಲವೆಲ್ ಹುಡುಗುಬುದ್ಧಿಯಲ್ಲಿ ಕದ್ದ ಕಾರು ಓಡಿಸಿ ಜೈಲಿಗೆ ಹೋದವನು. ಶಿಕ್ಷೆ ಮುಗಿಸಿ ಬಂದ, ಮನೆಗಳಿಗೆ ಚಾವಣಿ ಹೊದಿಸುವ ಕೆಲಸ ಹಿಡಿದ, ಈಗ ಮೊಮ್ಮಗಳನ್ನು ಆಡಿಸುತ್ತಾನೆ. ಅವನು ಕಟ್ಟುವ ತೆರಿಗೆ ಸರ್ಕಾರಕ್ಕೆ ಬೇಕು, ಜೈಲು ಕಂಡವನೆಂದು ಅವನ ಮತ ಮಾತ್ರ ಬೇಡ. ಆದರೂ ಪ್ರತಿ ಚುನಾವಣೆಗೂ ಚರ್ಚಿನ ಮುದುಕಿಯರನ್ನೆಲ್ಲ ತನ್ನ ವ್ಯಾನಿನಲ್ಲಿ ಮತಗಟ್ಟೆಗೆ ಕರೆದೊಯ್ಯುವವನು ಅವನೇ. ಅವರು ಒಳಗೆ ಹೋಗುತ್ತಾರೆ. ಇವನು ಹೊರಗೆ ವ್ಯಾನಿಗೆ ಒರಗಿ ನಿಲ್ಲುತ್ತಾನೆ.

‘ಶಿಕ್ಷೆ ಮುಗಿಸಿದವರಿಗೆ ಮತದಾನದ ಹಕ್ಕು ಬೇಕೇ?’ ಎಂಬ ಪ್ರಶ್ನೆ ಮತಪತ್ರಕ್ಕೆ ಏರಲೆಂದು ನಾವು ಜನರ ಸಹಿ ಸಂಗ್ರಹಿಸಿದೆವು. ಜನ ‘ಹೌದು’ ಎಂದರು. ಅದನ್ನು ತಮ್ಮ ಕಚೇರಿ ಹೀಗೆ ತಿದ್ದಿತು: ‘ಶಿಕ್ಷೆ ಮುಗಿಸಿದವರ ಮತದಾನದ ಮೇಲಿನ ನಿಷೇಧವನ್ನು ತೆಗೆದುಹಾಕದಂತೆ ತಡೆಯುವ ಕಲಮನ್ನು ರದ್ದುಪಡಿಸದೆ ಉಳಿಸಿಕೊಳ್ಳಬೇಕೇ?’ ಆಹಾ! ಸ್ವಾಮಿ, ಶುಕ್ರವಾರ ಮೀನೂಟಕ್ಕೆ ನೆಂಟರನ್ನು ಕರೆಯುವಾಗಲೂ ತಾವು ಹೀಗೇ ಕೇಳುತ್ತೀರಾ? ತೆರಿಗೆ ಕಟ್ಟು ಎನ್ನುವಾಗ ಇದೇ ಸರ್ಕಾರಕ್ಕೆ ಎಷ್ಟು ನೇರ ಭಾಷೆ ಬರುತ್ತದೆ!

ನಾವು ‘ಹೌದು’ ಫಲಕಗಳನ್ನೆಲ್ಲ ಕಿತ್ತು, ‘ಐದಕ್ಕೆ ಬೇಡ ಅನ್ನಿ’ ಎಂದು ಬರೆದು ನೆಟ್ಟೆವು. ಬರೆದವನು ನಾನೇ. ಮನೆಮನೆಯ ಬಾಗಿಲು ತಟ್ಟಿ ‘ಬೇಡ ಅಂದ್ರೇ ಬೇಕು’ ಎಂದು ತಿಳಿಹೇಳಿದವನೂ ನಾನೇ. ಆದರೆ ನಾನು ದುಡಿದ ಟೈರ್ ಕಾರ್ಖಾನೆಯ ಕಾರ್ಮಿಕ ಸಂಘ ನನಗೆ ಕಲಿಸಿದ ಪಾಠವೊಂದಿತ್ತು: ಓದದೆ ಯಾವುದಕ್ಕೂ ಒಪ್ಪಬೇಡ. ಮತಗಟ್ಟೆಯಲ್ಲಿ ಓದಿದೆ. ನಿಷೇಧ, ತಡೆ, ರದ್ದು ಎಂದು ಬೆರಳು ಮಡಿಸಿದೆ. ಮತ್ತೆ ಓದಿದೆ. ಥಟ್ಟನೆ ಜ್ಞಾನೋದಯವಾಯಿತು: ಅಯ್ಯೋ, ಊರಿಗೆಲ್ಲ ತಪ್ಪು ಹೇಳಿಬಿಟ್ಟೆನಲ್ಲ! ಹೆಮ್ಮೆಯಿಂದ ‘ಹೌದು’ ಮುಂದಿನ ದುಂಡು ಖಾನೆಗೆ ಮಸಿ ತುಂಬಿದೆ. ಮತ ಎಣಿಸುವ ಯಂತ್ರ ಕಾಗದವನ್ನು ನುಂಗಿತು.

ವ್ಯಾನಿಗೆ ಮರಳಿದಾಗ ಲವೆಲ್ ಕೇಳಿದ, “ಭಾವ, ಬೇಡ ಅಂತ ಹಾಕಿದ್ರಿ ತಾನೇ?”

“ಹೌದು.”

“ಹೌದು, ಬೇಡ ಅಂತ. ಅಲ್ವಾ?”

“ಇಲ್ಲ ಕಣೋ. ಹೌದು ಅಂತ. ನಾವೆಲ್ಲ ತಪ್ಪು ತಿಳ್ಕೊಂಡಿದ್ವಿ, ಕೇಳು...”

ನನ್ನ ಹೆಂಡತಿ ಒಡೆಸ್ಸಾ ಹಣೆ ಚಚ್ಚಿಕೊಂಡಳು. “ಊರಿಗೆಲ್ಲ ಪಾಠ ಹೇಳಿದ್ರಲ್ಲ, ನಿಮಗ್ಯಾರ್ರೀ ಹೇಳ್ಬೇಕಿತ್ತು?”

ಹಿಂದಿನ ಸೀಟಿನಿಂದ ಚರ್ಚಿನ ಅರ್ಲೀನ್ ಅಜ್ಜಿ ಸೇರಿಸಿದಳು, “ನಾನಂತೂ ಓದೋಕೇ ಹೋಗ್ಲಿಲ್ಲಪ್ಪ. ನೀನು ಹೇಳ್ದಂಗೆ ಬೇಡಕ್ಕೇ ಹಾಕ್ದೆ. ಹೋರಾಟಗಾರ ಅಂತ ನಂಬಿದ್ದೆ ನಿನ್ನ!”

ಲವೆಲ್ ಸ್ಟೀರಿಂಗ್ ಹಿಡಿದು ಕಣ್ಣಲ್ಲಿ ನೀರು ಬರುವಂತೆ ನಕ್ಕ. “ನನಗೆ ಓಟು ಬೇಡ ಅನ್ನೋರು ಟೀವಿಯಲ್ಲಿ ಇರ್ತಾರೆ ಅಂದ್ಕೊಂಡಿದ್ದೆ. ನನ್ನ ವ್ಯಾನಲ್ಲೇ ಕೂತ್ಕೊಂಡು ಬಂದ್ರಲ್ಲ ಭಾವ!” ಆಮೇಲೆ ಕಣ್ಣೊರೆಸಿಕೊಂಡು ವ್ಯಾನು ಹೊರಡಿಸಿದ.

ಐದನೆಯ ಪ್ರಶ್ನೆಯಲ್ಲಿ ನಾವು ಸೋತೆವು. ಸೋತ ಅಂತರದ ಜನರನ್ನೆಲ್ಲ ನಮ್ಮ ಹೈಸ್ಕೂಲಿನ ಆಟದ ಅಂಗಳದಲ್ಲಿ ಕೂರಿಸಬಹುದು. ಅವರಲ್ಲಿ ನನ್ನಂಥ ಓದುಬಲ್ಲ ದಡ್ಡರು ಎಷ್ಟು ಮಂದಿಯೋ! ನಾನು ದಡ್ಡ, ಒಪ್ಪಿದೆ. ಆದರೆ ದಡ್ಡನೊಬ್ಬ ಮುಗ್ಗರಿಸಲೆಂದೇ ಹೊಸ್ತಿಲ ಮೇಲೆ ಹೊಸ್ತಿಲು ಕಟ್ಟಿದವರು ಯಾರು? ಇದನ್ನು ಕಾನೂನಿನ ಭಾಷೆ ಎನ್ನಬೇಡಿ. ಇದು ಬಾಗಿಲಿಗೆ ಹಾಕಿದ ಬೀಗ.

ನಾವು ಮತ್ತೆ ಸಹಿ ಸಂಗ್ರಹ ಶುರುಮಾಡಿದ್ದೇವೆ. ನಮ್ಮ ಬೇಡಿಕೆ ಇಷ್ಟೆ: ಮುಂದಿನ ಸಲ ಪ್ರಶ್ನೆ ಬರೆದ ಮೇಲೆ ತಾವೇ ನಮ್ಮೂರಿಗೆ ಬನ್ನಿ. ಲವೆಲ್‌ನ ಎದುರು ನಿಂತು, ಅವನ ಮುಖ ನೋಡಿ, ಅದನ್ನು ಗಟ್ಟಿಯಾಗಿ ಓದಿ. ಅವನ ಮುಖ ನೋಡಿ ಕೇಳಲಾಗದ ಪ್ರಶ್ನೆಯನ್ನು ಅವನ ಬೆನ್ನ ಹಿಂದೆ ನಮ್ಮನ್ನು ಕೇಳಬೇಡಿ.

ಇಂತಿ,
ತಮ್ಮ ವಾಕ್ಯವನ್ನು ಪೂರ್ತಿ ಓದಿ ಕೆಟ್ಟ,
ಹೊರೇಸ್ ಪೆಟಿಗ್ರೂ
(ಭಾಮೈದ ಇನ್ನೂ ‘ಭಾವ’ ಎಂದೇ ಕರೆಯುತ್ತಾನೆ, ಅದು ಅವನ ದೊಡ್ಡತನ)